ಬಾವಿ ತಳದ ಬಿಸಿಯಲ್ಲಿ ದಾರಿ ಹೇಳುವ ಮೋಷನ್ ಸೆನ್ಸರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಣ್ಣೆ ಮತ್ತು ಗ್ಯಾಸ್ ಬಾವಿಗಳೊಳಗೆ ಇಳಿಸುವ ಸೆನ್ಸರ್‌ಗಳನ್ನು ಕಾಯಿಸಿ, ತಿರುಗಿಸಿ, ಅಲ್ಲಾಡಿಸಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು, ರಿಗ್‌ಗೆ (ಬಾವಿ ಕೊರೆಯುವ ಯಂತ್ರ ನಿಲ್ಲುವ ಜಾಗಕ್ಕೆ) ಹೊಸದಾಗಿ ಸೇರಿದವರು, ಮೊದಲ ಸಲ ಇಂಥ ಸೆನ್ಸರ್ ಕೊಳ್ಳಲು ಹೊರಟವರು ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಬಾವಿ ಕೊರೆಯಲು ಮೋಷನ್ ಸೆನ್ಸರ್ ಯಾಕೆ ಬೇಕು? ಸುಮ್ನೆ ನೆಟ್ಟಗೆ ಕೊರೆದರೆ ಆಗಲ್ವಾ?

ನಮ್ಮೂರಿಗೆ ಬರುವ ಬೋರ್‌ವೆಲ್ ಲಾರಿ ನೆಟ್ಟಗೆ ಕೊರೆಯುತ್ತದೆ. ನೀರು ಸಿಕ್ಕರೆ ಸರಿ. ಕೊರೆತ ಒಂದೆರಡು ಡಿಗ್ರಿ ಆಚೀಚೆ ವಾಲಿದರೂ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಎಣ್ಣೆ ಬಾವಿ ಹಾಗಲ್ಲ. ಸಮುದ್ರದ ಒಂದೇ ಪ್ಲಾಟ್‌ಫಾರ್ಮ್‌ನಿಂದ ಹತ್ತಾರು ಬಾವಿಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಒಂದು ಇನ್ನೊಂದಕ್ಕೆ ತಾಗಬಾರದು. ಕೆಲವು ಬಾವಿಗಳು ಮೊದಲು ಕೆಳಗೆ ಹೋಗಿ, ಆಮೇಲೆ ನಿಧಾನಕ್ಕೆ ಬಾಗಿ, ಕೊನೆಗೆ ಅಡ್ಡಲಾಗಿ ಮಲಗುತ್ತವೆ. ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ವಿಚ್ ಫಾರ್ಮ್‌ನಲ್ಲಿ ರಿಗ್ ನಿಂತದ್ದು ದಡದ ಮೇಲೆ, ಎಣ್ಣೆ ಇದ್ದದ್ದು ಸಮುದ್ರದಡಿ. ಅಲ್ಲಿ 1998ರಲ್ಲಿ ಒಂದು ಬಾವಿಯ ಅಡ್ಡ ದೂರವೇ 10 ಕಿಲೋಮೀಟರ್ ದಾಟಿತು.

ಲೆಕ್ಕ ನೋಡಿ. 3,000 ಮೀಟರ್ ಉದ್ದದ ದಾರಿಯಲ್ಲಿ 1 ಡಿಗ್ರಿ ತಪ್ಪಿದರೆ ಕೊನೆಯಲ್ಲಿ ಸುಮಾರು 52 ಮೀಟರ್ ಆಚೆ ಇರುತ್ತೇವೆ. 0.1 ಡಿಗ್ರಿ ತಪ್ಪಿದರೂ 5 ಮೀಟರ್ ಹೋಯಿತು. ಎಣ್ಣೆ ಇರುವ ಪದರವೇ ಕೆಲವೊಮ್ಮೆ ಅಷ್ಟು ದಪ್ಪ ಇರಲ್ಲ.

ಜೀವದ ಪ್ರಶ್ನೆಯೂ ಇದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ ಸ್ಫೋಟವಾಗಿ 11 ಜನ ಸತ್ತರು. ಅದನ್ನು ಕೊನೆಯದಾಗಿ ಮುಚ್ಚಲು ಪಕ್ಕದಿಂದ ಇನ್ನೊಂದು ಬಾವಿ ಕೊರೆದು, ಸುಮಾರು 5.5 ಕಿಲೋಮೀಟರ್ ಆಳದಲ್ಲಿ ಹಳೆಯದನ್ನು ಸೇರಬೇಕಾಯಿತು. ಹುಡುಕಬೇಕಾಗಿದ್ದ ಕೊಳವೆಯ ಅಗಲ ಒಂದಡಿಗಿಂತ ಕಮ್ಮಿ. ಕೊನೆಯ ಹಂತಕ್ಕೆ ಕೊಳವೆಯ ಉಕ್ಕನ್ನು ಕಾಂತಕ್ಷೇತ್ರದಿಂದ ಹುಡುಕುವ ಬೇರೆ ಉಪಕರಣ ಇತ್ತು. ಆದರೆ ಅದು ಕೆಲಸ ಮಾಡುವಷ್ಟು ಹತ್ತಿರಕ್ಕೆ ಹೋಗಬೇಕಾದರೆ ದಾರಿಯುದ್ದಕ್ಕೂ ಓರೆ ಮತ್ತು ದಿಕ್ಕಿನ ಅಳತೆ ಸರಿ ಇರಲೇಬೇಕು.

ಕೆಳಗೆ ನಿಜವಾಗಿ ಎಷ್ಟು ಬಿಸಿ ಇರುತ್ತದೆ?

ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ ಅಂತ ಪುಸ್ತಕದಲ್ಲಿರುತ್ತದೆ. ಇದು ಸರಾಸರಿ ಅಷ್ಟೇ. ಜಾಗದಿಂದ ಜಾಗಕ್ಕೆ ತುಂಬಾ ಬದಲಾಗುತ್ತದೆ.

ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿಯನ್ನೇ ನೆನಪಿಸಿಕೊಳ್ಳಿ. 3,200 ಮೀಟರ್ ಆಳ. ಅಲ್ಲಿ ಬಂಡೆಯ ಬಿಸಿ ಸುಮಾರು 65 ಡಿಗ್ರಿ. ಇಳಿದು ದುಡಿದವರಿಗೆ ಅದು ನರಕವೇ. ಆದರೂ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಡಿಗ್ರಿ ಮಾತ್ರ. ಯಾಕಂದರೆ ನಮ್ಮದು ಬಹಳ ಹಳೆಯ, ತಣಿದ ನೆಲ. ಅದೇ ಪೂರ್ವಕ್ಕೆ ಹೋಗಿ, ಕೃಷ್ಣಾ ಗೋದಾವರಿ ಕೊಳ್ಳಕ್ಕೆ ಬಂದರೆ ಕಥೆ ಬೇರೆ. ಕಾಕಿನಾಡ ಕರಾವಳಿಯಾಚೆಯ ದೀನ್ ದಯಾಳ್ ಗ್ಯಾಸ್ ಕ್ಷೇತ್ರದ ತಳದಲ್ಲಿ 200 ಡಿಗ್ರಿಯ ಆಸುಪಾಸು ಬಿಸಿ ಇದೆ. ಒತ್ತಡವೂ ಅದಕ್ಕೆ ತಕ್ಕ ಹಾಗೇ ಇದೆ.

ಈ ಸಂಖ್ಯೆ ಅಡುಗೆಮನೆಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಕುಕ್ಕರ್ ಕೂಗುವಾಗ ಒಳಗೆ ಸುಮಾರು 120 ಡಿಗ್ರಿ. ಬೋಂಡ ಕರಿಯುವ ಎಣ್ಣೆ 175ರಿಂದ 180. ಅಂದರೆ 175 ಡಿಗ್ರಿಯ ಬಾವಿಗೆ ಸೆನ್ಸರ್ ಇಳಿಸುವುದು ಒಂದು ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಬೋರ್ಡನ್ನು ಕಾದ ಬಾಣಲೆಗೆ ಬಿಟ್ಟ ಹಾಗೆ. ಅದು ಅಲ್ಲೇ ಎಂಟು ಹತ್ತು ದಿನ ಇದ್ದು, ಪ್ರತಿ ಸಲ ಕೇಳಿದಾಗಲೂ ಸರಿಯಾದ ಕೋನ ಹೇಳಬೇಕು.

ರಷ್ಯಾದ ಕೋಲಾ ಬಾವಿ 12,262 ಮೀಟರ್ ಆಳಕ್ಕೆ ಹೋಗಿ ನಿಂತದ್ದಕ್ಕೆ ಬಿಸಿಯೂ ಒಂದು ದೊಡ್ಡ ಕಾರಣ. ಅಲ್ಲಿ 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು, 180 ಇತ್ತು.

ಮೊಬೈಲಿನಲ್ಲೂ ಇಂಥದ್ದೇ ಸೆನ್ಸರ್ ಇದೆ ಅಲ್ವಾ? ಅದನ್ನೇ ಹಾಕಬಾರದಾ?

ತತ್ವ ಒಂದೇ. ಮೊಬೈಲ್ ಅಡ್ಡ ಹಿಡಿದರೆ ಪರದೆ ತಿರುಗುವುದು ಆಕ್ಸೆಲೆರೊಮೀಟರ್‌ನಿಂದ. ಬಾವಿಯಲ್ಲೂ ಅದೇ ಕೆಲಸ. ಆದರೆ ಮೊಬೈಲಿನ ಚಿಪ್ 85 ಡಿಗ್ರಿವರೆಗೆ ಮಾತ್ರ ಭರವಸೆ ಕೊಡುತ್ತದೆ. ಪ್ಲಾಸ್ಟಿಕ್ ಕವಚದ ಒಳಗಿರುತ್ತದೆ. ಒಂದೆರಡು ಡಿಗ್ರಿ ತಪ್ಪು ಹೇಳಿದರೂ ಮೊಬೈಲಿಗೆ ನಡೆಯುತ್ತದೆ. ಕಾರಿನ ಚಿಪ್ 125 ಡಿಗ್ರಿ ತಡೆಯುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಮಾಡುವವರು ಕಮ್ಮಿ, ಬೆಲೆ ಜಾಸ್ತಿ.

ಯಾವ ಯಾವ ಸೆನ್ಸರ್ ಒಳಗಿರುತ್ತದೆ? ಕೋನ ಹೇಗೆ ತಿಳಿಯುತ್ತದೆ?

ಗಾರೆ ಕೆಲಸದವರ ಹತ್ತಿರ ತೂಗುಗುಂಡು, ರಸಮಟ್ಟ ಇರುತ್ತವಲ್ಲ, ಆಕ್ಸೆಲೆರೊಮೀಟರ್ ಮಾಡುವುದೂ ಅದನ್ನೇ. ಭೂಮಿ ಯಾವ ಕಡೆಗೆ ಎಳೆಯುತ್ತಿದೆ ಅಂತ ಹೇಳುತ್ತದೆ. ಒಂದಕ್ಕೊಂದು ಲಂಬವಾಗಿ ಮೂರು ಆಕ್ಸೆಲೆರೊಮೀಟರ್ ಇಡುತ್ತಾರೆ. ಮೂರರ ಲೆಕ್ಕದಿಂದ ಬಾವಿ ಎಷ್ಟು ಓರೆಯಾಗಿದೆ ಅಂತ ಸಿಗುತ್ತದೆ. ರಿಗ್‌ನಲ್ಲಿ ಇದಕ್ಕೆ ಇನ್ಕ್ಲಿನೇಷನ್ ಅಂತಾರೆ. ಕಾಂತಕ್ಷೇತ್ರ ಅಳೆಯುವ ಮೂರು ಮ್ಯಾಗ್ನೆಟೋಮೀಟರ್ ದಿಕ್ಕು ಹೇಳುತ್ತವೆ, ಅದು ಅಜಿಮತ್. ತುದಿಯಲ್ಲಿ ಕಲ್ಲು ಕೊರೆಯುವ ಹಲ್ಲಿನ ತುಂಡಿಗೆ ಬಿಟ್ ಅಂತಾರೆ. ಅದನ್ನು ತಿರುಗಿಸುವ, ಸ್ವಲ್ಪ ಬಾಗಿದ ಮೋಟಾರ್ ಯಾವ ಕಡೆಗೆ ಮುಖ ಮಾಡಿದೆ ಅನ್ನುವುದು ಟೂಲ್‌ಫೇಸ್. ಈ ಮೂರು ಸಂಖ್ಯೆ ಮತ್ತು ಆಳ ಗೊತ್ತಿದ್ದರೆ ಬಾವಿಯನ್ನು ಬೇಕಾದ ಕಡೆ ತಿರುಗಿಸಬಹುದು.

ಅಳತೆ ತೆಗೆಯುವುದು ಸಾಮಾನ್ಯವಾಗಿ ಕೊರೆತ ನಿಂತಾಗ. ಹೊಸ ಪೈಪ್ ಜೋಡಿಸುವ ಸಮಯದಲ್ಲಿ ಎಲ್ಲವೂ ಅಲ್ಲಾಡದೆ ನಿಂತಿರುತ್ತದೆ. ಆ ಒಂದೆರಡು ನಿಮಿಷವೇ ಸಿಗುವ ಅವಕಾಶ.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಬಾವಿ ಬಹುತೇಕ ನೆಟ್ಟಗಿರುವಾಗ ಉದ್ದಕ್ಕೆ ಇರುವ ಆಕ್ಸೆಲೆರೊಮೀಟರ್ ಏನೂ ಉಪಯೋಗಕ್ಕೆ ಬರಲ್ಲ. 1 ಡಿಗ್ರಿ ವಾಲಿದರೆ ಅದರ ಅಳತೆ 1ರಿಂದ 0.99985ಕ್ಕೆ ಇಳಿಯುತ್ತದೆ, ಅಷ್ಟೇ. ಅಡ್ಡಕ್ಕಿರುವ ಎರಡು ಮಾತ್ರ ನಿಜ ಹೇಳುತ್ತವೆ. ಅವುಗಳಲ್ಲಿ ಗುರುತ್ವದ ಸಾವಿರದ ಒಂದು ಪಾಲು ತಪ್ಪಾದರೆ ಕೋನ 0.057 ಡಿಗ್ರಿ ತಪ್ಪುತ್ತದೆ. ಈ ಸಾವಿರದ ಒಂದು ಪಾಲನ್ನು ನಾವು ಮಿಲಿ-ಜಿ ಅಂತೀವಿ. ಮುಂದೆಲ್ಲಾ ಈ ಪದ ಬರುತ್ತದೆ.

ದಿಕ್ಕು ನೋಡಲು ಕಾಂತಕ್ಷೇತ್ರ ಸಾಕಾದರೆ ಗೈರೋ ಯಾಕೆ?

ಸುತ್ತಲೂ ಉಕ್ಕು ಇದ್ದರೆ ದಿಕ್ಸೂಚಿ ಹಾಳು. ಡ್ರಿಲ್ ಪೈಪ್ ಉಕ್ಕು, ಬಿಟ್ ಉಕ್ಕು. ಅದಕ್ಕೇ ಸೆನ್ಸರ್ ಇಡುವ ಪೈಪಿನ ತುಂಡನ್ನು ಮಾತ್ರ ಕಾಂತಕ್ಕೆ ಅಂಟದ ವಿಶೇಷ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡುತ್ತಾರೆ. ಆದರೂ ಹಳೆಯ ಬಾವಿಯ ಗೋಡೆಗೆ ಹಾಕಿದ ಉಕ್ಕಿನ ಕೊಳವೆ (ಕೇಸಿಂಗ್) ಒಳಗೆ ಅಥವಾ ಅಕ್ಕಪಕ್ಕ ಬಾವಿಗಳು ಒತ್ತಿಕೊಂಡಿರುವ ಕಡೆ ಮ್ಯಾಗ್ನೆಟೋಮೀಟರ್ ನಂಬುವ ಹಾಗಿಲ್ಲ. ಅಲ್ಲಿ ಗೈರೋ, ಅಂದರೆ ತಿರುಗುವ ವೇಗ ಅಳೆಯುವ ಸೆನ್ಸರ್, ಬೇಕು.

ಉತ್ತರ ದಿಕ್ಕು ಹುಡುಕುವ ಗೈರೋ ಅಳೆಯುವುದು ಭೂಮಿ ತಿರುಗುವುದನ್ನೇ. ಭೂಮಿ ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತದೆ. ಅದರಲ್ಲಿ ಸಮತಟ್ಟಾಗಿ ಸಿಗುವ ಪಾಲು ನಾವು ಯಾವ ಅಕ್ಷಾಂಶದಲ್ಲಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಕಾಕಿನಾಡದ ಹತ್ತಿರ ಗಂಟೆಗೆ ಸುಮಾರು 14.4 ಡಿಗ್ರಿ ಸಿಗುತ್ತದೆ. ನಾರ್ವೆಯಲ್ಲಿ 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದರ ಅರ್ಧ, 7.5. ಈ ವಿಷಯದಲ್ಲಿ ನಮ್ಮ ದಕ್ಷಿಣ ಭಾರತ ಅದೃಷ್ಟದ ಜಾಗ. ಗಡಿಯಾರದ ಗಂಟೆ ಮುಳ್ಳಿಗಿಂತಲೂ ನಿಧಾನದ ತಿರುಗಾಟ ಅದು. ಅದನ್ನು 150 ಡಿಗ್ರಿ ಬಿಸಿಯಲ್ಲಿ ಹಿಡಿಯುವುದು ಈ ಕ್ಷೇತ್ರದ ಅತಿ ಕಷ್ಟದ ಕೆಲಸಗಳಲ್ಲಿ ಒಂದು.

ಬಿಸಿಯಾದರೆ ನಿಜವಾಗಿ ಕೆಡುವುದು ಏನು?

ಒಂದಲ್ಲ, ಹತ್ತಾರು. ನನ್ನ ಕಣ್ಣಿಗೆ ಬಿದ್ದಿರುವುದನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಸಿಲಿಕಾನ್. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಸೋರುವ ಕರೆಂಟ್ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಮನೆಯ ಟ್ಯಾಂಕಿನ ನಲ್ಲಿ ಹನಿ ಹನಿ ಸೋರುತ್ತಿದ್ದದ್ದು ಧಾರೆಯಾದ ಹಾಗೆ. ಸೆನ್ಸರ್‌ನ ಸಣ್ಣ ಸಿಗ್ನಲ್ ಆ ಸೋರಿಕೆಯಲ್ಲಿ ಕೊಚ್ಚಿಹೋಗುತ್ತದೆ. ಇದಕ್ಕೆ ಮದ್ದಾಗಿ ಪ್ರತಿ ಟ್ರಾನ್ಸಿಸ್ಟರಿನ ಕೆಳಗೆ ಗಾಜಿನಂಥ ನಿರೋಧಕ ಪದರ ಇರುವ ಚಿಪ್‌ಗಳು ಬಂದವು. ಹನಿವೆಲ್ ಕಂಪನಿಯ ಅಂಥ ಚಿಪ್‌ಗಳು 225 ಡಿಗ್ರಿಗೆ ರೇಟ್ ಆಗಿವೆ.

ಎರಡನೆಯದು ಬೆಸುಗೆ. ಹಳೆಯ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಈಗಿನ ಸೀಸ ಇಲ್ಲದ ಸಾಮಾನ್ಯ ಬೆಸುಗೆ 217ಕ್ಕೆ. 175 ಡಿಗ್ರಿಯಲ್ಲಿ ಇವು ಕರಗದೆ ಇರಬಹುದು, ಆದರೆ ಬೆಣ್ಣೆಯ ಹಾಗೆ ಮೆತ್ತಗಿರುತ್ತವೆ. ಮೇಲಿಂದ ಅಲುಗಾಟ ಬಿದ್ದರೆ ನಿಧಾನಕ್ಕೆ ಬಿರುಕು ಬಿಡುತ್ತವೆ. ಹಾಗಾಗಿ 300 ಡಿಗ್ರಿ ಹತ್ತಿರ ಕರಗುವ, ಸೀಸ ಜಾಸ್ತಿ ಇರುವ ಬೆಸುಗೆ ಹಾಕುತ್ತಾರೆ. ಬೋರ್ಡ್ ಕೂಡ ಅಂಗಡಿಯಲ್ಲಿ ಸಿಗುವ ಹಸಿರು ಬೋರ್ಡ್ ಆಗಲ್ಲ, ಬಿಸಿ ತಡೆಯುವ ಪಾಲಿಇಮೈಡ್ ಪ್ಲಾಸ್ಟಿಕ್ಕಿನದು ಬೇಕು. ಸಾಮಾನ್ಯ ಬೋರ್ಡನ್ನು ಎರಡು ವಾರ 175ರಲ್ಲಿ ಇಟ್ಟು ತೆಗೆದರೆ ಅದು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿರುತ್ತದೆ. ಅಂಚು ಮುಟ್ಟಿದರೆ ಪದರ ಏಳುತ್ತದೆ.

ಮೂರನೆಯದು ಚಿಪ್ ಒಳಗಿನ ಕೂದಲಿಗಿಂತ ತೆಳು ತಂತಿಗಳು. ಚಿನ್ನದ ತಂತಿಯನ್ನು ಅಲ್ಯೂಮಿನಿಯಮ್ ಮೇಲೆ ಕೂರಿಸಿರುತ್ತಾರೆ. ಬಿಸಿಯಲ್ಲಿ ಎರಡೂ ಲೋಹ ಒಂದರೊಳಗೊಂದು ಸೇರಿ, ಗೆದ್ದಲು ತಿಂದ ಮರದ ಹಾಗೆ ಟೊಳ್ಳಾಗುತ್ತವೆ. ಆ ಜಾಗ ನೇರಳೆ ಬಣ್ಣಕ್ಕೆ ತಿರುಗುವುದರಿಂದ ಇದಕ್ಕೆ ‘ನೇರಳೆ ಪಿಡುಗು’ ಅನ್ನುವ ಹೆಸರೇ ಇದೆ. ಪ್ಲಾಸ್ಟಿಕ್ ಕವಚದಿಂದ ಹೊರಬರುವ ರಾಸಾಯನಿಕಗಳು ಇದನ್ನು ಇನ್ನೂ ಬೇಗ ಮಾಡುತ್ತವೆ. ಅದಕ್ಕೇ ಒಳ್ಳೆಯ ಬಾವಿ ಸೆನ್ಸರ್‌ಗಳು ಸೆರಾಮಿಕ್ ಡಬ್ಬಿಯಲ್ಲಿ, ಗಾಳಿ ಹೋಗದ ಹಾಗೆ ಮುಚ್ಚಿ ಬರುತ್ತವೆ.

ನಾಲ್ಕನೆಯದು ಅಂಟು. ಸೆನ್ಸರ್‌ನ ಸಿಲಿಕಾನ್ ಅಥವಾ ಕ್ವಾರ್ಟ್ಜ್ ತುಣುಕನ್ನು ಡಬ್ಬಿಗೆ ಕೂರಿಸುವ ಅಂಟು. ನನಗೆ ಅತಿ ಹೆಚ್ಚು ತಲೆನೋವು ಕೊಟ್ಟಿರುವುದು ಇದೇ. ಸಿಲಿಕಾನ್ ಒಂದಷ್ಟು ಹಿಗ್ಗುತ್ತದೆ, ಸೆರಾಮಿಕ್ ಇನ್ನೊಂದಷ್ಟು, ಅಂಟು ಎಲ್ಲಕ್ಕಿಂತ ಜಾಸ್ತಿ. ಈ ಎಳೆದಾಟ ಸೆನ್ಸರ್‌ಗೆ ಬೇರೆ ಥರ ಕಾಣುತ್ತದೆ. ಬಾವಿ ವಾಲಿದೆ ಅಂತ ಅದು ಅಂದುಕೊಳ್ಳುತ್ತದೆ. ಚಿಪ್ ಕೆಟ್ಟಿಲ್ಲ, ತಂತಿ ಮುರಿದಿಲ್ಲ, ಸಂಖ್ಯೆ ಮಾತ್ರ ತಪ್ಪು.

ಇಲ್ಲೇ ನಮ್ಮ ಕೆಲಸದ ತಿರುಳು ಇರುವುದು. ಸೆನ್ಸರ್ ಸತ್ತರೆ ರಿಗ್‌ಗೆ ತಕ್ಷಣ ಗೊತ್ತಾಗುತ್ತದೆ. ಉಪಕರಣ ಎತ್ತಿ ಇನ್ನೊಂದು ಇಳಿಸುತ್ತಾರೆ. ಒಂದೆರಡು ದಿನ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಆದರೆ ಬದುಕಿದ್ದೂ ತಪ್ಪು ಹೇಳುವ ಸೆನ್ಸರ್ ಬಾವಿಯನ್ನು ನೂರಾರು ಮೀಟರ್ ತಪ್ಪು ದಾರಿಯಲ್ಲಿ ಕರೆದುಕೊಂಡು ಹೋಗುತ್ತದೆ, ಎಲ್ಲರೂ ಅದನ್ನು ನಂಬಿ ಹಿಂದೆ ಹೋಗುತ್ತಾರೆ. ಕೊಳ್ಳುವವರು ‘ಎಷ್ಟು ಡಿಗ್ರಿ ತಡೆಯುತ್ತದೆ?’ ಅಂತ ಮಾತ್ರ ಕೇಳುತ್ತಾರೆ. ‘ಆ ಬಿಸಿಯಲ್ಲಿ ಎಷ್ಟು ಸರಿಯಾಗಿ ಹೇಳುತ್ತದೆ, ಎಷ್ಟು ಗಂಟೆಯಾದ ಮೇಲೂ ಹಾಗೇ ಹೇಳುತ್ತದೆ?’ ಅಂತ ಕೇಳಿ.

150 ಡಿಗ್ರಿ, 175 ಡಿಗ್ರಿ ಅಂತ ಬರೆದಿರುತ್ತಾರೆ. 25 ಡಿಗ್ರಿಗೆ ಅಷ್ಟೊಂದು ವ್ಯತ್ಯಾಸವಾ?

ತುಂಬಾ ವ್ಯತ್ಯಾಸ. ಬಿಸಿ 10 ಡಿಗ್ರಿ ಏರಿದರೆ ಎಲೆಕ್ಟ್ರಾನಿಕ್ಸ್‌ನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಒಂದು ಒರಟು ಲೆಕ್ಕ. ಆ ಲೆಕ್ಕದಲ್ಲಿ 25 ಡಿಗ್ರಿ ಅಂದರೆ ಆಯುಸ್ಸು ಐದಾರು ಪಟ್ಟು ಕಮ್ಮಿ. 150ರಲ್ಲಿ ಒಂದು ವರ್ಷ ಬಾಳುವುದು 175ರಲ್ಲಿ ಎರಡು ತಿಂಗಳು ಬಾಳಬಹುದು.

ಉದ್ಯಮದಲ್ಲಿ 150 ಡಿಗ್ರಿ ದಾಟಿದರೆ ‘ಅಧಿಕ ತಾಪ’ದ ಬಾವಿ ಅಂತ ಕರೆಯುವುದು ರೂಢಿ. ಕೊಳ್ಳಲು ಸಿಗುವ ಸೆನ್ಸರ್‌ಗಳಲ್ಲಿ ಎರಡು ಪಂಗಡ ಇವೆ. ಒಂದು, ಕ್ವಾರ್ಟ್ಜ್‌ನ ತೆಳು ಕೀಲಿನ ಮೇಲೆ ತೂಗುವ ತುಣುಕನ್ನು ಕಾಯಿಲ್ ಮತ್ತು ಆಯಸ್ಕಾಂತದಿಂದ ನಡುವೆ ಹಿಡಿದಿಡುವ ಬಗೆ. ಹನಿವೆಲ್ಲಿನ ಕ್ಯೂ-ಫ್ಲೆಕ್ಸ್ ಈ ಬಗೆಯದು. ಅದರ ಕ್ಯೂಎಟಿ160 ಮತ್ತು ಕ್ಯೂಎಟಿ185 ಮಾದರಿಗಳ ಹೆಸರಲ್ಲೇ ಡಿಗ್ರಿ ಇದೆ. ನಿಖರತೆಯಲ್ಲಿ ಇದು ಬಹಳ ವರ್ಷಗಳಿಂದ ಮೇಲುಗೈ. ಇನ್ನೊಂದು, ಸಿಲಿಕಾನಿನಲ್ಲೇ ಕೆತ್ತಿದ ಸಣ್ಣ ಮೆಮ್ಸ್ ಬಗೆ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್206 ಆಕ್ಸೆಲೆರೊಮೀಟರ್ ಮತ್ತು ಎಡಿಎಕ್ಸ್‌ಆರ್‌ಎಸ್645 ಗೈರೋ ಎರಡೂ 175 ಡಿಗ್ರಿಯವು. ಇವು ಚಿಕ್ಕವು, ಅಗ್ಗ, ಹೊಡೆತ ಚೆನ್ನಾಗಿ ತಡೆಯುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಬಾವಿಯ ಅಧಿಕೃತ ಸರ್ವೆಗೆ, ಅಂದರೆ ಓರೆ ಮತ್ತು ದಿಕ್ಕಿನ ಅಳತೆಗೆ, ಕ್ವಾರ್ಟ್ಜ್ ಇರಲಿ. ಅಲುಗಾಟ, ತಿರುಗುವ ವೇಗ, ಕೊರೆಯುತ್ತಿರುವಾಗಿನ ಅಂದಾಜು ಕೋನ ಇವುಗಳಿಗೆ ಮೆಮ್ಸ್ ಧಾರಾಳ ಸಾಕು. ಈ ಅಂತರ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆ.

ಕ್ಯಾಲಿಬ್ರೇಷನ್ ಅಂದರೆ ಏನು ಮಾಡುತ್ತೀರಿ?

ನಾನು ದಿನವೂ ಮಾಡುವ ಕೆಲಸ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೆನ್ಸರ್‌ಗಳಿರುವ ಉದ್ದನೆಯ ಕೊಳವೆಯನ್ನು ಒಂದು ಸ್ಟ್ಯಾಂಡ್ ಮೇಲೆ ಕೂರಿಸುತ್ತೇವೆ. ಅದನ್ನು ಬೇಕಾದ ಕೋನಕ್ಕೆ ಎತ್ತಬಹುದು, ಉರುಳಿಸಬಹುದು, ಸುತ್ತ ತಿರುಗಿಸಬಹುದು. ಕೊಳವೆಗೆ ಹೀಟರ್ ಸುತ್ತಿರುತ್ತದೆ. ಕೋಣೆಯ ಬಿಸಿಯಲ್ಲಿ ಹತ್ತಾರು ಭಂಗಿಯಲ್ಲಿ ಅಳತೆ ತೆಗೆಯುತ್ತೇವೆ. ಆಮೇಲೆ 50 ಡಿಗ್ರಿ, 75, 100, ಹೀಗೆ ಮೇಲಕ್ಕೆ. ಪ್ರತಿ ಮೆಟ್ಟಿಲಿನಲ್ಲೂ ಒಳಗಿನ ಬಿಸಿ ನೆಲೆ ನಿಲ್ಲುವವರೆಗೆ ಕಾಯಬೇಕು. ಇದರಲ್ಲಿ ಅವಸರ ಮಾಡಿದರೆ ಎಲ್ಲಾ ವ್ಯರ್ಥ. ಹೊರಗಿನ ಥರ್ಮಾಮೀಟರ್ 150 ತೋರಿಸುತ್ತಿದ್ದರೂ ಒಳಗಿನ ಕ್ವಾರ್ಟ್ಜ್ ಇನ್ನೂ 141ರಲ್ಲಿ ಇರಬಹುದು. ಬಂದ ಸಂಖ್ಯೆಗಳಿಂದ ‘ಇಷ್ಟು ಬಿಸಿಯಲ್ಲಿ ಇಷ್ಟು ತಿದ್ದಬೇಕು’ ಅನ್ನುವ ಸೂತ್ರ ಕಟ್ಟಿ ಉಪಕರಣದ ಮೆಮೊರಿಗೆ ಬರೆಯುತ್ತೇವೆ.

ಮ್ಯಾಗ್ನೆಟೋಮೀಟರ್ ಇರುವುದರಿಂದ ಇಡೀ ಶೆಡ್‌ನಲ್ಲಿ ಕಬ್ಬಿಣ ಇರಬಾರದು. ಗೋಡೆಗೆ ಕಬ್ಬಿಣದ ಮೊಳೆ ಇಲ್ಲ, ಸ್ಕ್ರೂಗಳೆಲ್ಲಾ ಹಿತ್ತಾಳೆಯವು. ಒಳಗೆ ಹೋಗುವಾಗ ಬೆಲ್ಟ್, ಕೀ ಗೊಂಚಲು, ಮೊಬೈಲ್ ಹೊರಗೆ ಬುಟ್ಟಿಯಲ್ಲಿ ಬಿಡಬೇಕು. ಒಂದು ಸಲ ಅಳತೆ ಮೆಲ್ಲಗೆ ಸರಿಯುತ್ತಾ ಹೋಯಿತು. ಹೀಟರ್ ನೋಡಿದೆವು, ವೈರ್ ನೋಡಿದೆವು. ಕೊನೆಗೆ ಹೊರಗೆ ಬಂದು ನೋಡಿದರೆ ಗೇಟಿನ ಹತ್ತಿರ ಮರಳಿನ ಲಾರಿ ಬಂದು ನಿಂತಿತ್ತು.

ಇನ್ನೊಂದು ಅನುಭವ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ಸೆನ್ಸರ್ ಕೋಣೆಯ ಬಿಸಿಯಲ್ಲೂ ಸರಿ ಇತ್ತು, 175ರಲ್ಲೂ ಸರಿ ಇತ್ತು. ತಣಿಯುವಾಗ ಮಾತ್ರ, 110 ಡಿಗ್ರಿ ಹತ್ತಿರ, ಒಮ್ಮೆಲೇ 4 ಮಿಲಿ-ಜಿ ಜಿಗಿದು, ಸ್ವಲ್ಪ ಹೊತ್ತಿನ ನಂತರ ಮತ್ತೆ ಜಾಗಕ್ಕೆ ಬಂತು. ಗ್ರಾಫಿನಲ್ಲಿ ಒಂದು ಸಣ್ಣ ಮೆಟ್ಟಿಲು. ಎರಡು ತುದಿಯೂ ಸರಿ ಇದೆಯಲ್ಲ ಅಂತ ಕಳಿಸಿದೆವು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬಾವಿಯಲ್ಲಿ ಪಂಪ್ ನಿಂತಾಗೊಂದು, ನಡೆಯುವಾಗೊಂದು ಬಿಸಿ ಇರುತ್ತದೆ. ಆ ಏರಿಳಿತ ಸರಿಯಾಗಿ 110ರ ಆಸುಪಾಸಿನಲ್ಲೇ ಬಿತ್ತು. ಸರ್ವೆಗಳು 0.2 ಡಿಗ್ರಿ ಆಚೀಚೆ ಕುಣಿದವು. ಉಪಕರಣ ಮೇಲೆತ್ತಬೇಕಾಯಿತು. ಆಮೇಲೆ ಸೆನ್ಸರ್ ಕುಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅಂಟಿನ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬಿಸಿಯಲ್ಲಿ ಮುಚ್ಚಿಕೊಳ್ಳುತ್ತಿತ್ತು, ತಣಿದಾಗ ಬಿಡುತ್ತಿತ್ತು. ಆವತ್ತಿನಿಂದ ಏರುವ ದಾರಿಯನ್ನೂ ಇಳಿಯುವ ದಾರಿಯನ್ನೂ ಒಂದರ ಮೇಲೊಂದು ಇಟ್ಟು ನೋಡದೆ ನಾನು ಸಹಿ ಹಾಕಲ್ಲ.

ಬಾವಿಯೊಳಗೆ ಸೆನ್ಸರ್ ತಪ್ಪು ಹೇಳುತ್ತಿದೆ ಅಂತ ರಿಗ್‌ನಲ್ಲಿ ಹೇಗೆ ಗೊತ್ತಾಗುತ್ತದೆ?

ಒಂದು ಸರಳ ಪರೀಕ್ಷೆ ಇದೆ. ಉಪಕರಣ ಯಾವ ಭಂಗಿಯಲ್ಲೇ ಇರಲಿ, ಮೂರು ಆಕ್ಸೆಲೆರೊಮೀಟರ್‌ಗಳ ಒಟ್ಟು ಮೊತ್ತ (ಮೂರರ ವರ್ಗಗಳನ್ನು ಕೂಡಿ ತೆಗೆದ ವರ್ಗಮೂಲ) ಆ ಜಾಗದ ಗುರುತ್ವಕ್ಕೆ ಸಮ ಇರಲೇಬೇಕು. ಭೂಮಿಯ ಎಳೆತ ಬದಲಾಗಲ್ಲವಲ್ಲ. ಮೊತ್ತ ಎರಡು ಮೂರು ಮಿಲಿ-ಜಿಗಿಂತ ಜಾಸ್ತಿ ತಪ್ಪಿದರೆ ಆ ಸರ್ವೆಯನ್ನು ಅನುಮಾನದಿಂದ ನೋಡುತ್ತಾರೆ. ಹಾಗೆಯೇ ಒಟ್ಟು ಕಾಂತಕ್ಷೇತ್ರವೂ ಅದು ನೆಲಕ್ಕೆ ಬಾಗುವ ಕೋನವೂ ಆ ಜಾಗದ ನಕ್ಷೆಗೆ ಹೊಂದಬೇಕು.

ಇದಕ್ಕೂ ಒಂದು ಮಿತಿ ಇದೆ. ಬಾವಿ ಬಹುತೇಕ ನೆಟ್ಟಗಿದ್ದರೆ ಅಡ್ಡದ ಸೆನ್ಸರ್ ತಪ್ಪಿದರೂ ಮೊತ್ತದಲ್ಲಿ ಅದು ಕಾಣುವುದೇ ಇಲ್ಲ. ಆಗ ಪೈಪನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಸಲ ಅಳೆಯಬೇಕು. ಸರಿಯಾದ ಸೆನ್ಸರ್ ಪ್ರತಿ ಸಲವೂ ಒಂದೇ ಓರೆ ಹೇಳುತ್ತದೆ. ತಪ್ಪಿದ್ದರೆ ಸಂಖ್ಯೆ ತಿರುಗಿಸಿದಂತೆಲ್ಲಾ ಏರಿಳಿಯುತ್ತದೆ. ರಿಗ್ ಸಮಯ ಹಾಳಾಗುತ್ತದೆ ಅಂತ ಇದನ್ನು ಬಿಟ್ಟುಬಿಡಲು ಒತ್ತಡ ಇರುತ್ತದೆ. ಬಿಡಬೇಡಿ.

ಥರ್ಮಾಸ್ ಫ್ಲಾಸ್ಕ್ ಥರ ಏನಾದರೂ ಮಾಡಿ ತಣ್ಣಗೆ ಇಡಬಾರದಾ?

ಮಾಡುತ್ತಾರೆ. ಕೇಬಲ್ಲಿನಲ್ಲಿ ಇಳಿಸಿ ಕೆಲವು ಗಂಟೆಯಲ್ಲಿ ಮೇಲೆತ್ತುವ ಉಪಕರಣಗಳಿಗೆ ನಿರ್ವಾತ ಫ್ಲಾಸ್ಕ್ ಹಾಕುವುದು ಹಳೆಯ ಪದ್ಧತಿ. ಆದರೆ ಫ್ಲಾಸ್ಕಿನ ಕಾಫಿ ಸಂಜೆಗೆ ತಣ್ಣಗಾಗುವ ಹಾಗೆ ಇಲ್ಲಿ ಒಳಗಿದ್ದದ್ದು ನಿಧಾನಕ್ಕೆ ಕಾಯುತ್ತದೆ. ಎಲೆಕ್ಟ್ರಾನಿಕ್ಸ್ ತನ್ನದೇ ಬಿಸಿಯನ್ನೂ ಸೇರಿಸುತ್ತದೆ. ವಾರಗಟ್ಟಲೆ ಕೆಳಗಿರುವ ಕೊರೆಯುವ ಉಪಕರಣಕ್ಕೆ ಇದು ಸಾಲದು.

ನಿಜವಾದ ತಂಪು ಸಿಗುವುದು ಮಡ್‌ನಿಂದ. ಮಡ್ ಅಂದರೆ ಪೈಪಿನೊಳಗಿಂದ ಪಂಪ್ ಮಾಡಿ, ಬಿಟ್ ಮೂಲಕ ಹೊರಬಂದು, ಕೊರೆದ ಕಲ್ಲುಪುಡಿ ಹೊತ್ತು ಮೇಲೆ ಬರುವ ದ್ರವ. ಅದು ಹರಿಯುತ್ತಿರುವಾಗ ಉಪಕರಣದ ಬಿಸಿ ಸುತ್ತಲಿನ ಬಂಡೆಗಿಂತ ಎಷ್ಟೋ ಕಮ್ಮಿ ಇರುತ್ತದೆ. ಪಂಪ್ ನಿಂತರೆ ಬಿಸಿ ಏರಲು ಶುರು. ಅದಕ್ಕೇ ಬಿಸಿ ಬಾವಿಗೆ ಉಪಕರಣ ಇಳಿಸುವಾಗ ಒಂದೇ ಉಸಿರಿಗೆ ತಳಕ್ಕೆ ಹೋಗದೆ, ನಡುನಡುವೆ ನಿಲ್ಲಿಸಿ ಮಡ್ ಹರಿಸಿ ತಣಿಸಿಕೊಂಡು ಹೋಗುತ್ತಾರೆ. ಅನುಭವ ಇರುವ ಡ್ರಿಲ್ಲರ್ ಒಬ್ಬ ಸೆನ್ಸರ್‌ನ ಆಯುಸ್ಸನ್ನು ನಮ್ಮ ಎಷ್ಟೋ ವಿನ್ಯಾಸಗಳಿಗಿಂತ ಚೆನ್ನಾಗಿ ಕಾಯುತ್ತಾನೆ.

ಬಿಸಿಯ ಜೊತೆ ಹೊಡೆತವೂ ಇರುತ್ತದಾ?

ಇರುತ್ತದೆ, ಭಯಂಕರವಾಗಿ. ಬಿಟ್ ಗಟ್ಟಿ ಕಲ್ಲಿಗೆ ಸಿಕ್ಕಿ ನಿಂತುಬಿಡುತ್ತದೆ. ಮೇಲಿನ ಮೋಟಾರ್ ತಿರುಗುತ್ತಲೇ ಇರುತ್ತದೆ. ಕಿಲೋಮೀಟರ್‌ಗಟ್ಟಲೆ ಪೈಪ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟುಕೊಂಡು, ಬಿಟ್ ಮಾಮೂಲಿಗಿಂತ ಎರಡು ಮೂರು ಪಟ್ಟು ವೇಗದಲ್ಲಿ ಗಿರ್ರನೆ ತಿರುಗುತ್ತದೆ. ಇದಕ್ಕೆ ಸ್ಟಿಕ್-ಸ್ಲಿಪ್ ಅಂತಾರೆ. ಮೇಲೆ ನಿಂತವರಿಗೆ ಎಲ್ಲಾ ಸಮವಾಗಿ ತಿರುಗುತ್ತಿರುವ ಹಾಗೇ ಕಾಣಬಹುದು. ತಳದಲ್ಲಿರುವ ಗೈರೋಗೆ ಮಾತ್ರ ನಿಜ ಗೊತ್ತು. ನಿಮಿಷಕ್ಕೆ ಒಂದು ಸುತ್ತು ಅಂದರೆ ಸೆಕೆಂಡಿಗೆ 6 ಡಿಗ್ರಿ. ಸೆಕೆಂಡಿಗೆ 2,000 ಡಿಗ್ರಿವರೆಗೆ ಅಳೆಯುವ ಗೈರೋ ನಿಮಿಷಕ್ಕೆ 333 ಸುತ್ತಿನವರೆಗೆ ಹಿಡಿಯುತ್ತದೆ. ಅದು ನೋಡಿ ಡ್ರಿಲ್ಲರ್ ಬಿಟ್ ಮೇಲಿನ ಭಾರ ಕಮ್ಮಿ ಮಾಡುತ್ತಾನೆ ಅಥವಾ ವೇಗ ಬದಲಿಸುತ್ತಾನೆ.

ಹೊಡೆತಗಳು ಗುರುತ್ವದ ನೂರಾರು ಪಟ್ಟು ಇರುತ್ತವೆ. ಬಿಸಿಯಲ್ಲಿ ಮೆತ್ತಗಾದ ಬೆಸುಗೆ ಮತ್ತು ಅಂಟಿಗೆ ಈ ಹೊಡೆತ ಬಿದ್ದಾಗಲೇ ನಿಜವಾದ ಪರೀಕ್ಷೆ. ಹಾಗಾಗಿ ಒಲೆಯಲ್ಲಿ ಬೇರೆ, ಅಲುಗಾಟದ ಮೇಜಿನ ಮೇಲೆ ಬೇರೆ ಪರೀಕ್ಷಿಸಿದ ವರದಿ ತೋರಿಸಿದರೆ ನನಗೆ ಸಮಾಧಾನ ಆಗಲ್ಲ. ಎರಡೂ ಒಟ್ಟಿಗೆ ಮಾಡಿದ್ದಾರಾ ಕೇಳಿ.

ಮಾಹಿತಿ ಮೇಲೆ ಹೇಗೆ ಬರುತ್ತದೆ? ವೈರ್ ಇರುತ್ತದಾ?

ಸಾಮಾನ್ಯವಾಗಿ ಇಲ್ಲ. ಉಪಕರಣದಲ್ಲಿರುವ ಕವಾಟ ಮಡ್‌ನ ಹರಿವನ್ನು ತಡೆದು ಬಿಟ್ಟು ಒತ್ತಡದಲ್ಲಿ ಸಣ್ಣ ಮಿಡಿತ ಹುಟ್ಟಿಸುತ್ತದೆ. ಅದು ಮಡ್‌ನಲ್ಲೇ ಸಾಗಿ ಮೂರು ನಾಲ್ಕು ಸೆಕೆಂಡಿನಲ್ಲಿ ಮೇಲೆ ಸೇರುತ್ತದೆ. 1978ರಲ್ಲಿ ವಾಣಿಜ್ಯವಾಗಿ ಬಂದ ಈ ಉಪಾಯವೇ ಈಗಲೂ ನಡೆಯುತ್ತಿದೆ. ವೇಗ ಬಹಳ ಕಮ್ಮಿ. ಹಾಗಾಗಿ ಲೆಕ್ಕವನ್ನೆಲ್ಲಾ ಕೆಳಗೇ ಮಾಡಿ, ಉತ್ತರ ಮಾತ್ರ ಕಳಿಸಬೇಕು. ಅಂದರೆ ಪ್ರೊಸೆಸರ್, ಮೆಮೊರಿಯೂ ಅದೇ ಬಿಸಿಯಲ್ಲಿ ಕೆಲಸ ಮಾಡಬೇಕು.

ಬ್ಯಾಟರಿ?

ಲಿಥಿಯಮ್ ಥಯೊನಿಲ್ ಕ್ಲೋರೈಡ್. ಲಿಥಿಯಮ್ ಲೋಹ 180.5 ಡಿಗ್ರಿಗೆ ಕರಗುತ್ತದೆ. ಬಿಸಿ ಅದರ ಹತ್ತಿರಕ್ಕೆ ಏರಿದರೆ ಬ್ಯಾಟರಿ ಸಿಡಿಯಬಹುದು. ಇನ್ನೂ ಬಿಸಿಗೆ ಮೆಗ್ನೀಸಿಯಮ್ ಬೆರೆಸಿದ ಲಿಥಿಯಮ್ ಸೆಲ್‌ಗಳು ಬೇಕು, ಇಲ್ಲವೇ ಮಡ್ ಹರಿವಿನಿಂದ ತಿರುಗುವ ಟರ್ಬೈನ್. ಬಾವಿಯಿಂದ ಬಂದ ಬ್ಯಾಟರಿಯನ್ನು ತರಬೇತಿ ಇಲ್ಲದವರು ಬಿಚ್ಚಲೇಬಾರದು. ಕೊಳವೆ ಉಬ್ಬಿದ್ದರೆ ಅಥವಾ ಮುಟ್ಟಲಾಗದಷ್ಟು ಬಿಸಿ ಇದ್ದರೆ ದೂರ ನಿಲ್ಲಿ.

ಮುಂದೆ 300 ಡಿಗ್ರಿಗೂ ಸೆನ್ಸರ್ ಬರುತ್ತದಾ?

ಬೇಡಿಕೆ ಭೂಶಾಖದ ಬಾವಿಗಳಿಂದ ಬರುತ್ತಿದೆ. ಐಸ್‌ಲ್ಯಾಂಡಿನ ರೇಕ್ಯಾನೆಸ್‌ನಲ್ಲಿ 2017ರ ಜನವರಿಯಲ್ಲಿ 4,659 ಮೀಟರ್ ಆಳಕ್ಕೆ ಮುಗಿಸಿದ ಬಾವಿಯಲ್ಲಿ 427 ಡಿಗ್ರಿ ಅಳೆದರು. ನಮ್ಮಲ್ಲೂ ಲಡಾಖಿನ ಪೂಗಾ ಕಣಿವೆಯಲ್ಲಿ ಭೂಶಾಖದ ಕೆಲಸ ನಡೆದಿದೆ. ಸಿಲಿಕಾನ್ ಕಾರ್ಬೈಡ್ ಚಿಪ್‌ಗಳ ಮೇಲೆ ನನಗೆ ನಂಬಿಕೆ ಇದೆ. ನಾಸಾದ ಗ್ಲೆನ್ ಕೇಂದ್ರದವರು ಶುಕ್ರಗ್ರಹದ ನೆಲದಂಥ ಬಿಸಿ ಮತ್ತು ಒತ್ತಡದಲ್ಲಿ ಅಂಥ ಚಿಪ್ಪನ್ನು 521 ಗಂಟೆ ನಡೆಸಿದ್ದಾರೆ. ಆದರೆ ಚಿಪ್ ನಡೆಯುವುದು ಒಂದು, ಆ ಬಿಸಿಯಲ್ಲಿ 0.1 ಡಿಗ್ರಿ ಕೋನ ಹೇಳುವುದು ಇನ್ನೊಂದು. ಅಂಟು, ಆಯಸ್ಕಾಂತ, ಕೀಲು ಎಲ್ಲಾ ಹೊಸದಾಗಿ ಹುಡುಕಬೇಕು.

ಕರ್ನಾಟಕದಲ್ಲಿ ಎಣ್ಣೆಯೇ ಇಲ್ಲ. ಇಲ್ಲಿ ಕೂತು ಈ ಕೆಲಸ ಮಾಡಬಹುದಾ?

ಖಂಡಿತ. ಬಾವಿ ಇಲ್ಲದಿದ್ದರೂ ಸೆನ್ಸರ್ ಗೊತ್ತಿರುವ ಜನ ಇಲ್ಲಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಮೆಮ್ಸ್ ಮಾಡುವ ಸೌಲಭ್ಯ ಇದೆ. ಇಸ್ರೋದ ಬೆಂಗಳೂರಿನ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಉಪಗ್ರಹಗಳಿಗೆ ಸೆನ್ಸರ್ ಮಾಡುತ್ತದೆ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಭೌತಶಾಸ್ತ್ರ ಯಾವುದೇ ಓದಿದ್ದರೂ ನಡೆಯುತ್ತದೆ. ಒಂದು ಸಲಹೆ ಮಾತ್ರ ಕೊಡುತ್ತೇನೆ. ಒಮ್ಮೆಯಾದರೂ ರಿಗ್‌ಗೆ ಹೋಗಿ ಬನ್ನಿ. ರಾತ್ರಿ ಎರಡು ಗಂಟೆಗೆ, ಮೈಯೆಲ್ಲಾ ಮಡ್ ಮೆತ್ತಿಕೊಂಡು, ನೀವು ಮಾಡಿದ ಉಪಕರಣವನ್ನು ಒಬ್ಬ ದೊಡ್ಡ ಸ್ಪ್ಯಾನರ್ ಹಿಡಿದು ಜೋಡಿಸುವುದನ್ನು ನೋಡಿದ ಮೇಲೆ ವಿನ್ಯಾಸ ಮಾಡುವ ರೀತಿಯೇ ಬೇರೆಯಾಗುತ್ತದೆ.

ಬಾವಿಯಿಂದ ಮೇಲೆ ಬಂದ ಸೆನ್ಸರನ್ನು ಮತ್ತೆ ಇಳಿಸಬಹುದಾ?

ಇಳಿಸಬಹುದು, ಲೆಕ್ಕ ಇಟ್ಟಿದ್ದರೆ. ಯಾವ ಬಿಸಿಯಲ್ಲಿ ಎಷ್ಟು ಗಂಟೆ ಕಳೆಯಿತು, ಎಷ್ಟು ದೊಡ್ಡ ಹೊಡೆತ ತಿಂತು ಅನ್ನುವುದು ಉಪಕರಣದ ಮೆಮೊರಿಯಲ್ಲಿ ಇರುತ್ತದೆ. ಮೊದಲು ಅದನ್ನು ಇಳಿಸಿಕೊಂಡು ಓದಿ. ಆಮೇಲೆ ರೋಲ್ ಟೆಸ್ಟ್ ಮಾಡಿ: ಕೊಳವೆಯನ್ನು ಮಲಗಿಸಿ, ಉರುಳಿಸುತ್ತಾ ಪ್ರತಿ 45 ಡಿಗ್ರಿಗೆ ಒಂದು ಅಳತೆ. ಹಿಂದಿನ ಕ್ಯಾಲಿಬ್ರೇಷನ್ ಜೊತೆ ಹೋಲಿಸಿ. 1 ಮಿಲಿ-ಜಿಗಿಂತ ಜಾಸ್ತಿ ಸರಿದಿದ್ದರೆ ನಾನು ಮತ್ತೆ ಪೂರ್ತಿ ಕಾಯಿಸಿ ಕ್ಯಾಲಿಬ್ರೇಟ್ ಮಾಡುತ್ತೇನೆ. ಎರಡನೇ ಸಲವೂ ಅದೇ ಕಡೆಗೆ ಸರಿದಿದ್ದರೆ ಆ ಸೆನ್ಸರ್‌ಗೆ ಕೆಂಪು ಚೀಟಿ ಅಂಟಿಸಿ ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ರಿಗ್‌ನಿಂದ ಎಷ್ಟೇ ಅವಸರದ ಫೋನ್ ಬಂದರೂ ಆ ಡಬ್ಬಿಯಿಂದ ತೆಗೆಯಲ್ಲ.